ಯಾರೂ ಎಣಿಸಲಿಲ್ಲ, ಆದರೂ 23,417: ಊರಿನ ಜನಸಂಖ್ಯೆಯ ಅಂದಾಜು ಹೇಗೆ ಮಾಡುತ್ತಾರೆ?

ಪ್ರಶ್ನೆ: ನಮ್ಮದು ಸಣ್ಣ ಊರು. ಹತ್ತು ವರ್ಷದ ಹಿಂದಿನ ಜನಗಣತಿಯಲ್ಲಿ 20,112 ಜನ ಇದ್ದೆವು. ಆಮೇಲೆ ಯಾರೂ ಮನೆಗೆ ಬಂದು ಎಣಿಸಿಲ್ಲ. ಆದರೂ ಈ ವರ್ಷದ ಅಧಿಕೃತ ಅಂದಾಜು 23,417 ಎನ್ನುತ್ತದೆ. ಎಣಿಸದೆ ಕೊನೆಯ 7ರವರೆಗೆ ಹೇಗೆ ಗೊತ್ತಾಯಿತು? ನಮ್ಮ ವಾರ್ಡಿನಲ್ಲಿ ಮೂರು ಹೊಸ ಕಟ್ಟಡ ಎದ್ದಿವೆ, ಅಂದಾಜಿನಲ್ಲಿ ಮಾತ್ರ ಜನ ಕಡಿಮೆಯಾಗಿದ್ದಾರೆ. ಇನ್ನೊಂದು ಪ್ರಾಥಮಿಕ ಶಾಲೆ ಬೇಕು ಅಂತ ಅರ್ಜಿ ಹಾಕಲು ಹೊರಟಿದ್ದೇವೆ. ಈ ಸಂಖ್ಯೆಯನ್ನು ನಂಬಬಹುದಾ?

ಉತ್ತರ: ಮೊದಲು ಆ ಕೊನೆಯ 7ರ ವಿಷಯ ಮುಗಿಸಿಬಿಡೋಣ. ಅದನ್ನು ಯಾರೂ ಎಣಿಸಿಲ್ಲ. ಕೂಡಿ ಕಳೆದ ಮೇಲೆ ಉಳಿದ ಅಂಕಿ ಅದು, ಅಷ್ಟೇ. ಅದನ್ನು ಹಾಗೇ ಬಿಡುವುದಕ್ಕೆ ಕಾರಣ ಇದೆ. ವಾರ್ಡುಗಳನ್ನು ಕೂಡಿದರೆ ಊರಿನ ಸಂಖ್ಯೆ ಬರಬೇಕು, ಊರುಗಳನ್ನು ಕೂಡಿದರೆ ಜಿಲ್ಲೆಯದ್ದು ಬರಬೇಕು. ಒಂದೊಂದನ್ನೂ ಸಾವಿರದ ಲೆಕ್ಕಕ್ಕೆ ತಂದುಬಿಟ್ಟರೆ ಮೊತ್ತ ತಾಳೆಯಾಗುವುದಿಲ್ಲ. ನೀವು ಓದುವಾಗ ಮಾತ್ರ ಅದನ್ನು "ಇಪ್ಪತ್ಮೂರು ಸಾವಿರ ಚಿಲ್ಲರೆ" ಅಂತಲೇ ಓದಿಕೊಳ್ಳಿ.

ಈಗ ಲೆಕ್ಕಕ್ಕೆ ಬರೋಣ. ಇದು ಜಮಾ-ಖರ್ಚಿನ ಪುಸ್ತಕ ಬರೆದ ಹಾಗೆಯೇ. ಹಿಂದಿನ ಜನಗಣತಿ ಆರಂಭದ ಶಿಲ್ಕು. ಹುಟ್ಟಿದವರು ಜಮಾ, ತೀರಿಕೊಂಡವರು ಖರ್ಚು. ಹೊರಗಿನಿಂದ ಬಂದು ನೆಲೆಸಿದವರು ಜಮಾ, ಊರು ಬಿಟ್ಟು ಹೋದವರು ಖರ್ಚು. ವರ್ಷದ ಕೊನೆಗೆ ಉಳಿದದ್ದು ಆಖೈರು ಶಿಲ್ಕು. ಅದೇ ಮುಂದಿನ ವರ್ಷದ ಆರಂಭ.

ನಿಮ್ಮ ಊರಿಗೆ ಒಂದು ಕಾಲ್ಪನಿಕ ಪುಟ ಬರೆಯೋಣ. ಶುರುವಿಗೆ 20,112. ಆ ವರ್ಷ 290 ಮಕ್ಕಳು ಹುಟ್ಟಿದರು, 150 ಜನ ತೀರಿಕೊಂಡರು. 890 ಜನ ಬಂದರು, 700 ಜನ ಹೋದರು. ಉಳಿದದ್ದು 20,442. ವರ್ಷಕ್ಕೆ 330 ಜನ ಹೆಚ್ಚಿದರು. ಇದೇ ವೇಗದಲ್ಲಿ ಹತ್ತು ಪುಟ ಬರೆದರೆ ನಿಮ್ಮ 23,417ರ ಪಕ್ಕಕ್ಕೇ ಬಂದು ನಿಲ್ಲುತ್ತೀರಿ.

ನಿಜವಾದ ಕೆಲಸದಲ್ಲಿ ಇಡೀ ಊರಿಗೆ ಒಂದೇ ಪುಟ ಸಾಲುವುದಿಲ್ಲ. ಒಂದೊಂದು ವಯಸ್ಸಿಗೂ, ಗಂಡು ಹೆಣ್ಣು ಅಂತ ಬೇರೆ ಬೇರೆ ಬರೆಯುತ್ತಾರೆ. ಕಳೆದ ವರ್ಷ 5 ವರ್ಷದವರಾಗಿದ್ದ ಮಕ್ಕಳನ್ನು ಈ ವರ್ಷ 6ರ ಸಾಲಿಗೆ ದಾಟಿಸುತ್ತಾರೆ. ಆ ವಯಸ್ಸಿನಲ್ಲಿ ತೀರಿಕೊಂಡವರನ್ನು ಕಳೆಯುತ್ತಾರೆ, ಬಂದು ಹೋದವರನ್ನು ಸರಿಹೊಂದಿಸುತ್ತಾರೆ. ಹೊಸದಾಗಿ ಹುಟ್ಟಿದವರು ಸೊನ್ನೆಯ ಸಾಲಿಗೆ ಸೇರುತ್ತಾರೆ. ನಿಮ್ಮ ಶಾಲೆಯ ವಿಷಯಕ್ಕೆ ಬೇಕಾಗುವುದು ಈ ವಯಸ್ಸಿನ ಸಾಲುಗಳೇ. ಕೊನೆಗೆ ಅಲ್ಲಿಗೇ ಬರುತ್ತೇನೆ.

ಈ ನಾಲ್ಕು ಬಾಬ್ತುಗಳಲ್ಲಿ ಯಾವುದನ್ನು ಎಷ್ಟು ನಂಬಬಹುದು ಅನ್ನುವುದೇ ಅಸಲು ವಿಷಯ.

ನೋಂದಣಿ ಚೆನ್ನಾಗಿರುವ ಕಡೆ ಜನನ ಮರಣದ ಲೆಕ್ಕ ಗಟ್ಟಿಯಾಗಿರುತ್ತದೆ. ಒಂದನ್ನು ಮಾತ್ರ ಗಮನಿಸಬೇಕು. ಮಗು ಹುಟ್ಟಿದ್ದು ಎಲ್ಲಿ ಅನ್ನುವುದು ಬೇರೆ, ತಾಯಿಯ ಮನೆ ಇರುವುದು ಎಲ್ಲಿ ಅನ್ನುವುದು ಬೇರೆ. ದೊಡ್ಡ ಹೆರಿಗೆ ಆಸ್ಪತ್ರೆ ಇರುವ ಊರಿನಲ್ಲಿ ಸುತ್ತಲಿನ ಊರುಗಳ ಮಕ್ಕಳೂ ಹುಟ್ಟುತ್ತಾರೆ. ಹುಟ್ಟಿದ ಜಾಗ ನೋಡಿ ಲೆಕ್ಕ ಹಾಕಿದರೆ ಆ ಊರು ಸುಮ್ನೆ ಉಬ್ಬುತ್ತದೆ, ಪಕ್ಕದ ಊರು ಕುಗ್ಗುತ್ತದೆ. ಆದ್ದರಿಂದ ತಾಯಿಯ ವಿಳಾಸ ನೋಡಬೇಕು. ಸಾವಿನ ವಿಷಯದಲ್ಲೂ ಅಷ್ಟೇ.

ಕಷ್ಟ ಇರುವುದು ವಲಸೆಯಲ್ಲಿ. ಊರಿಂದೂರಿಗೆ ಹೋಗುವವರು ಯಾವ ಗೇಟಿನಲ್ಲೂ ಹೆಸರು ಬರೆಸುವುದಿಲ್ಲ. ಹಾಗಾಗಿ ಅಂದಾಜು ಮಾಡುವವರು ಬೇರೆ ಕೆಲಸಕ್ಕೆ ಇಟ್ಟ ದಾಖಲೆಗಳಲ್ಲಿ ಹೆಜ್ಜೆಗುರುತು ಹುಡುಕುತ್ತಾರೆ. ಅಮೆರಿಕದ ಸೆನ್ಸಸ್ ಬ್ಯೂರೋ ಆದಾಯ ತೆರಿಗೆಯ ರಿಟರ್ನ್ಸ್ ನೋಡುತ್ತದೆ. ಹೋದ ವರ್ಷ ಒಂದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ವಿಳಾಸ, ಈ ವರ್ಷ ಇನ್ನೊಂದು ಕೌಂಟಿಯದ್ದು ಇದ್ದರೆ ಆ ಮನೆಯವರು ಊರು ಬದಲಿಸಿದ್ದಾರೆ ಅಂತ ಅರ್ಥ. ವಯಸ್ಸಾದವರಿಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ದಾಖಲೆ ನೋಡುತ್ತಾರೆ. ಇಂಗ್ಲೆಂಡಿನಲ್ಲಿ ಜನ ತಮ್ಮ ಏರಿಯಾದ ಡಾಕ್ಟರ ಬಳಿ ಹೆಸರು ನೋಂದಾಯಿಸಿರುತ್ತಾರೆ. ಆ ವಿಳಾಸ ಬದಲಾದದ್ದನ್ನು ಹಿಡಿದು ದೇಶದೊಳಗಿನ ವಲಸೆಯ ಲೆಕ್ಕ ಹಾಕುತ್ತಾರೆ. ಆದರೆ ಗಟ್ಟಿಮುಟ್ಟಾದ ಇಪ್ಪತ್ತೆರಡರ ಹುಡುಗ ಊರು ಬದಲಿಸಿದ ಕೂಡಲೇ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾನಾ? ವರ್ಷಗಟ್ಟಲೆ ಹೋಗುವುದಿಲ್ಲ. ಪುಟ್ಟ ಮಗು ಇರುವ ತಾಯಿ ಮೊದಲ ವಾರವೇ ಹೋಗುತ್ತಾಳೆ. ಹೀಗಾಗಿ ಒಂದೇ ದಾಖಲೆ ಒಂದು ವಯಸ್ಸಿನವರನ್ನು ಚೆನ್ನಾಗಿ ಹಿಡಿಯುತ್ತದೆ, ಇನ್ನೊಂದು ವಯಸ್ಸಿನವರನ್ನು ಬಿಟ್ಟುಬಿಡುತ್ತದೆ.

ಅದರಲ್ಲೂ ಹೋದವರ ಲೆಕ್ಕ ಬಂದವರ ಲೆಕ್ಕಕ್ಕಿಂತ ಜಾಸ್ತಿ ದುರ್ಬಲ. ಬಂದವರಿಗೆ ಏನಾದರೂ ಬೇಕಿರುತ್ತದೆ. ಮಕ್ಕಳಿಗೆ ಶಾಲೆ ಬೇಕು, ಮನೆಗೆ ಕರೆಂಟು ಬೇಕು, ವಿಳಾಸದ ಪುರಾವೆ ಬೇಕು. ಅದಕ್ಕಾಗಿ ಎಲ್ಲೋ ಒಂದು ಕಡೆ ಹೆಸರು ಬರೆಸುತ್ತಾರೆ. ಹೋಗುವವರಿಗೆ ಬಿಟ್ಟು ಹೋಗುವ ಊರಿನಿಂದ ಏನೂ ಬೇಕಿಲ್ಲ. ಬಾಗಿಲಿಗೆ ಬೀಗ ಹಾಕಿ ಹೊರಡುತ್ತಾರೆ, ಪಟ್ಟಿಯಲ್ಲಿ ಹೆಸರು ಹಾಗೇ ಉಳಿಯುತ್ತದೆ.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಇದರ ಪರಿಣಾಮ ಕಣ್ಣಿಗೆ ಕಟ್ಟುವ ಹಾಗೆ ಕಂಡಿತು. ಅದು ವಿಶ್ವವಿದ್ಯಾಲಯಗಳ ಊರು, ಹೊರದೇಶದ ವಿದ್ಯಾರ್ಥಿಗಳು ತುಂಬಾ. ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯ 2020ರ ಅಂದಾಜಿನ ಪ್ರಕಾರ ಅಲ್ಲಿ ಸುಮಾರು 3,79,000 ಜನ. ಬೆಳೆಯುವ ಊರು ಅಂತ ಹೊಸ ಮನೆಗಳ ಗುರಿಯೂ ದೊಡ್ಡದಾಯಿತು. ಊರಿನ ಸುತ್ತಲಿನ ಹಸಿರು ಜಾಗದಲ್ಲೂ ಮನೆ ಕಟ್ಟುವ ಯೋಜನೆ ಬಂತು. ಅಲ್ಲಿನ ಕೆಲವರಿಗೆ ಅನುಮಾನ ಹುಟ್ಟಿತು. ಇಷ್ಟು ಜನ ಹೆಚ್ಚಿದ್ದರೆ ಹೆರಿಗೆ ಯಾಕೆ ಹೆಚ್ಚಿಲ್ಲ, ಶಾಲೆಗೆ ಸೇರುವ ಮಕ್ಕಳು ಯಾಕೆ ಹೆಚ್ಚಿಲ್ಲ, ಆಸ್ಪತ್ರೆಗೆ ಬರುವವರು ಯಾಕೆ ಆ ಪ್ರಮಾಣದಲ್ಲಿಲ್ಲ ಅಂತ ಕೇಳಿದರು. ಓದು ಮುಗಿಸಿ ವಾಪಸು ಹೋದ ವಿದ್ಯಾರ್ಥಿಗಳು ಪುಸ್ತಕದಿಂದ ಪೂರ್ತಿ ಕಳೆದಿಲ್ಲ ಅನ್ನುವುದು ಅವರ ವಾದ. ಅಂಕಿಅಂಶಗಳ ನಿಯಂತ್ರಣ ಸಂಸ್ಥೆ 2021ರಲ್ಲಿ ಇದನ್ನು ಪರಿಶೀಲಿಸಿತು. ಆ ವರ್ಷದ ಜನಗಣತಿಯಲ್ಲಿ ಕೊವೆಂಟ್ರಿಯ ಸಂಖ್ಯೆ ಬಂದದ್ದು ಸುಮಾರು 3,45,300. ಮೂವತ್ತು ಸಾವಿರಕ್ಕೂ ಜಾಸ್ತಿ ವ್ಯತ್ಯಾಸ! ಗಣತಿ ಆದದ್ದು ಕೋವಿಡ್ ಕಾಲದಲ್ಲಿ, ಆದ್ದರಿಂದ ಅಷ್ಟನ್ನೂ ಲೆಕ್ಕದ ತಪ್ಪು ಅನ್ನುವುದು ಸರಿಯಲ್ಲ. ಆದರೆ ಪ್ರಶ್ನೆ ಕೇಳಿದವರು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. ಸಾಮಾನ್ಯ ನಾಗರಿಕರು ಈ ಕೆಲಸ ಮಾಡಿದ್ದು ನನಗೆ ತುಂಬಾ ಮೆಚ್ಚುಗೆಯ ವಿಷಯ.

ಜರ್ಮನಿಯಲ್ಲಿ ಜನ ತಮ್ಮ ವಿಳಾಸವನ್ನು ಕಚೇರಿಯಲ್ಲಿ ನೋಂದಾಯಿಸಲೇಬೇಕು, ದೇಶ ಬಿಟ್ಟು ಹೊರಗೆ ಹೋಗುವಾಗ ತೆಗೆಸಬೇಕು. ಅಷ್ಟು ಶಿಸ್ತಿನ ವ್ಯವಸ್ಥೆಯಲ್ಲೂ ಇದೇ ಆಯಿತು. ಪಶ್ಚಿಮ ಜರ್ಮನಿಯ 1987ರ ಗಣತಿ ಆದ ಮೇಲೆ 2011ರವರೆಗೆ ಗಣತಿ ನಡೆದಿರಲಿಲ್ಲ. 2011ರಲ್ಲಿ ಎಣಿಸಿದಾಗ ದೇಶದಲ್ಲಿ ಅಂದುಕೊಂಡದ್ದಕ್ಕಿಂತ ಸುಮಾರು 15 ಲಕ್ಷ ಜನ ಕಡಿಮೆ! ಬರ್ಲಿನ್ ಒಂದರಲ್ಲೇ ಸುಮಾರು 1,80,000 ಕಡಿಮೆ. ಹೆಸರು ತೆಗೆಸದೆ ದೇಶ ಬಿಟ್ಟು ಹೋದವರು ಕಾಗದದ ಮೇಲೆ ಅಲ್ಲೇ ವಾಸವಾಗಿದ್ದರು. ಜನಸಂಖ್ಯೆ ನೋಡಿ ರಾಜ್ಯಗಳಿಗೆ ದುಡ್ಡು ಹಂಚುವುದರಿಂದ ಬರ್ಲಿನ್ ಮತ್ತು ಹ್ಯಾಂಬರ್ಗ್ ಸಾಂವಿಧಾನಿಕ ಕೋರ್ಟಿಗೆ ಹೋದವು. 2018ರಲ್ಲಿ ಕೋರ್ಟು ಗಣತಿಯನ್ನೇ ಎತ್ತಿಹಿಡಿಯಿತು.

ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ಹೋಗುತ್ತದೆ ಅಂತಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2011ರ ಗಣತಿ ಅಂದಾಜಿಗಿಂತ ಸುಮಾರು 4,64,000 ಜಾಸ್ತಿ ತೋರಿಸಿತು. 2004ರ ನಂತರ ಪೂರ್ವ ಯುರೋಪಿನಿಂದ ಬಂದವರನ್ನು, ದೇಶಕ್ಕೆ ಬಂದು ಹೋಗುವವರನ್ನು ಕೇಳಿ ಬರೆದುಕೊಳ್ಳುವ ಪ್ರಯಾಣಿಕರ ಸಮೀಕ್ಷೆ ಸರಿಯಾಗಿ ಹಿಡಿದಿರಲಿಲ್ಲ. ಸಮೀಕ್ಷೆಯವರ ಗಮನ ದೊಡ್ಡ ವಿಮಾನ ನಿಲ್ದಾಣಗಳ ಮೇಲಿತ್ತು, ಅವರಲ್ಲಿ ಅನೇಕರು ಇಳಿದದ್ದು ಸಣ್ಣ ನಿಲ್ದಾಣಗಳಲ್ಲಿ.

ಈಗ ನಿಮ್ಮ ಪುಸ್ತಕಕ್ಕೆ ವಾಪಸು ಬನ್ನಿ. ವರ್ಷಕ್ಕೆ 700 ಜನ ಹೋದರು ಅಂತ ಬರೆದೆವು. ನಿಜವಾಗಿ ಹೋದವರು 800 ಅಂತಿಟ್ಟುಕೊಳ್ಳಿ. ಒಂದು ವರ್ಷಕ್ಕೆ ನೂರು ಜನರ ತಪ್ಪು, ಯಾರಿಗೂ ಕಾಣುವುದಿಲ್ಲ. ಆದರೆ ಆಖೈರು ಶಿಲ್ಕೇ ಮುಂದಿನ ವರ್ಷದ ಆರಂಭ ಅಲ್ವಾ? ಆ ನೂರು ಜನ ಪುಸ್ತಕದಲ್ಲಿ ಉಳಿದುಕೊಂಡರು, ಮುಂದಿನ ವರ್ಷ ಇನ್ನೂ ನೂರು ಸೇರಿದರು. ಹತ್ತು ವರ್ಷಕ್ಕೆ ಸಾವಿರ ಜನ ಇಲ್ಲದವರು ಇದ್ದಾರೆ. ಗಣತಿಯಿಂದ ದೂರ ಹೋದಷ್ಟೂ ಅಂದಾಜು ಸಡಿಲವಾಗುವುದು ಹೀಗೆ. ಹೊಸ ಗಣತಿ ಬಂದಾಗ ಹಳೆಯ ವರ್ಷಗಳ ಅಂದಾಜನ್ನೂ ತಿದ್ದುತ್ತಾರೆ. ಅಮೆರಿಕದಲ್ಲಂತೂ ಪ್ರತಿ ವರ್ಷ ಹೊಸ ಸರಣಿ ಹೊರಬಂದಾಗ ಹಿಂದಿನ ಗಣತಿಯವರೆಗಿನ ಎಲ್ಲ ವರ್ಷವೂ ಮತ್ತೆ ಲೆಕ್ಕಕ್ಕೆ ಬರುತ್ತವೆ. ಹೋದ ವರ್ಷ ಬಂದ ಪಟ್ಟಿಯ ಸಂಖ್ಯೆ ಮತ್ತು ಈ ವರ್ಷ ಬಂದ ಪಟ್ಟಿಯ ಸಂಖ್ಯೆ ಎರಡನ್ನೂ ಪಕ್ಕ ಇಟ್ಟು "ಇಷ್ಟು ಬೆಳೆದಿದೆ" ಅನ್ನಬೇಡಿ. ಒಂದೇ ಪಟ್ಟಿಯೊಳಗಿನ ಎರಡು ವರ್ಷಗಳನ್ನು ಹೋಲಿಸಿ.

ಇನ್ನು ನಿಮ್ಮ ವಾರ್ಡು. ಇಷ್ಟು ಸಣ್ಣ ಜಾಗಕ್ಕೆ ಬಂದವರು ಹೋದವರ ದಾಖಲೆಯೇ ಸಿಗುವುದಿಲ್ಲ. ಹಾಗಾಗಿ ಬಹಳ ಕಡೆ ಮನೆಗಳಿಂದ ಶುರು ಮಾಡುತ್ತಾರೆ. ಎಷ್ಟು ಮನೆ ಇವೆ, ಅದರಲ್ಲಿ ಎಷ್ಟರಲ್ಲಿ ಜನ ಇದ್ದಾರೆ, ಒಂದು ಮನೆಗೆ ಸರಾಸರಿ ಎಷ್ಟು ಜನ ಅಂತ ನೋಡಿ ಗುಣಿಸುತ್ತಾರೆ. ಹಾಸ್ಟೆಲ್, ವೃದ್ಧಾಶ್ರಮ, ಜೈಲು ಇಂಥವನ್ನು ಬೇರೆ ಎಣಿಸಿ ಸೇರಿಸುತ್ತಾರೆ. ನಿಮ್ಮ ಊರಿನಷ್ಟು ಗಾತ್ರಕ್ಕೆ ಹಾಕಿ ನೋಡೋಣ. 8,900 ಮನೆ, ನೂರಕ್ಕೆ 92ರಲ್ಲಿ ವಾಸ, ಮನೆಗೆ 2.8 ಜನ. ಗುಣಿಸಿದರೆ 22,926. ಹಾಸ್ಟೆಲಿನವರು 400 ಸೇರಿದರೆ 23,326. ಈಗ 2.8 ತೆಗೆದು 2.6 ಹಾಕಿ. ಒಂದೂ ಮನೆ ಕಡಿಮೆಯಾಗಿಲ್ಲ, ಆದರೆ 1,600ಕ್ಕಿಂತ ಜಾಸ್ತಿ ಜನ ಹೋಗಿಬಿಟ್ಟರು! ಆ 2.8 ಅನೇಕ ಸಲ ಹಿಂದಿನ ಗಣತಿಯಿಂದಲೇ ಎತ್ತಿಕೊಂಡದ್ದಾಗಿರುತ್ತದೆ.

ಇದು ಹೊಸ ತೊಂದರೆಯೇನಲ್ಲ. 1662ರಲ್ಲಿ ಜಾನ್ ಗ್ರಾಂಟ್ ಎಂಬ ವ್ಯಾಪಾರಿ ತನ್ನ ಊರಾದ ಲಂಡನ್ನಿನ ಜನಸಂಖ್ಯೆ ಹೇಗೆ ಅಂದಾಜು ಮಾಡಿದ ನೋಡಿ. ವರ್ಷಕ್ಕೆ ಸುಮಾರು 12,000 ಮಕ್ಕಳು ಹುಟ್ಟುತ್ತಾರೆ. ಹೆರುವ ವಯಸ್ಸಿನ ಹೆಂಗಸರು ಎರಡು ವರ್ಷಕ್ಕೊಮ್ಮೆ ಹೆರುತ್ತಾರೆ ಅಂತಿಟ್ಟುಕೊಂಡರೆ ಅವರು 24,000. ಕುಟುಂಬಗಳು ಅದರ ಎರಡರಷ್ಟು, 48,000. ಕುಟುಂಬಕ್ಕೆ ಗಂಡ ಹೆಂಡತಿ ಮಕ್ಕಳು ಆಳುಗಳು ಸೇರಿ ಎಂಟು ಜನ. ಒಟ್ಟು 3,84,000. ನನಗೆ ಈ ಲೆಕ್ಕ ಇಷ್ಟ, ಯಾಕೆಂದರೆ ಪ್ರತಿ ಹೆಜ್ಜೆಯೂ ಎದುರಿಗೇ ಇದೆ. ಎಂಟರ ಬದಲು ಆರು ಅನ್ನುವವರು ಅಲ್ಲೇ ತಿದ್ದಿ 2,88,000 ಅನ್ನಬಹುದು. ಇವತ್ತಿನ ಅಂದಾಜುಗಳಲ್ಲೂ ಇಂಥ "ಅಂತಿಟ್ಟುಕೊಂಡರೆ"ಗಳು ಇವೆ, ಆದರೆ ಅವು ಪಟ್ಟಿಯ ಜೊತೆ ಕೊಡುವ ವಿಧಾನದ ಟಿಪ್ಪಣಿಯಲ್ಲಿರುತ್ತವೆ. ದಯವಿಟ್ಟು ಅದನ್ನು ತೆಗೆದು ಓದಿ.

ನಿಮ್ಮ ವಾರ್ಡಿನಲ್ಲಿ ಕಟ್ಟಡ ಹೆಚ್ಚಿ ಜನ ಇಳಿಯಲು ಮೂರು ನಾಲ್ಕು ಕಾರಣ ಇರಬಹುದು. ಹಳೆಯ ಮನೆಗಳಲ್ಲಿ ಮಕ್ಕಳು ದೊಡ್ಡವರಾಗಿ ಹೊರಟುಹೋಗಿರಬಹುದು, ಐದು ಜನ ಇದ್ದ ಕಡೆ ಈಗ ಇಬ್ಬರು. ಇದು ನಿಜವಾದ ಇಳಿಕೆ, ರಸ್ತೆಯಲ್ಲಿ ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಹೊಸ ಕಟ್ಟಡಗಳು ಇನ್ನೂ ಮನೆ ಪಟ್ಟಿಗೆ ಸೇರದೆ ಇರಬಹುದು, ಅಥವಾ ಸೇರಿದರೂ ಅರ್ಧ ಖಾಲಿ ಇರಬಹುದು. ವಾರ್ಡಿನ ಗಡಿ ಬದಲಾಗಿದ್ದರೆ ಹೋಲಿಕೆಗೇ ಅರ್ಥ ಇಲ್ಲ. ಇನ್ನೊಂದು ಕಾರಣ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ವಾರ್ಡುಗಳ ಮೊತ್ತ ಊರಿಗೆ ತಾಳೆಯಾಗಬೇಕು ಅಂದೆನಲ್ಲ, ಆ ತಾಳೆ ಮೇಲಿನಿಂದ ಕೆಳಕ್ಕೆ ನಡೆಯುತ್ತದೆ. ದೊಡ್ಡ ಪ್ರದೇಶದ ಸಂಖ್ಯೆಯನ್ನು ಮೊದಲು ಗಟ್ಟಿ ಮಾಡುತ್ತಾರೆ, ಆಮೇಲೆ ಸಣ್ಣವನ್ನು ಅದಕ್ಕೆ ಹೊಂದುವ ಹಾಗೆ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತಾರೆ ಅಥವಾ ಕುಗ್ಗಿಸುತ್ತಾರೆ. ಜಿಲ್ಲೆಯ ಸಂಖ್ಯೆ ತಿದ್ದುಪಡಿಯಾದರೆ ನಿಮ್ಮ ಬೀದಿಯಲ್ಲಿ ಏನೂ ಆಗದೆ ನಿಮ್ಮ ವಾರ್ಡು ಕುಗ್ಗಬಹುದು.

ಜಾಗ ಸಣ್ಣದಾದಷ್ಟೂ ಶೇಕಡಾವಾರು ತಪ್ಪು ದೊಡ್ಡದಾಗುತ್ತದೆ. ದೇಶದ ಮಟ್ಟದಲ್ಲಿ ಊರಿಂದೂರಿಗೆ ಹೋದವರು ಲೆಕ್ಕಕ್ಕೇ ಬರುವುದಿಲ್ಲ, ಯಾಕೆಂದರೆ ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಸೇರುತ್ತದೆ. ವಾರ್ಡಿನಲ್ಲಿ ಹಾಗಲ್ಲ. 1,500 ಜನರ ವಾರ್ಡಿನಲ್ಲಿ ಒಂದು ಹಾಸ್ಟೆಲ್ ಮುಚ್ಚಿದರೆ ಸಾಕು, ಎಲ್ಲ ಲೆಕ್ಕವೂ ತಲೆಕೆಳಗು.

ಆರಂಭದ ಶಿಲ್ಕನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಜನಗಣತಿಯೂ ಕೆಲವರನ್ನು ಬಿಡುತ್ತದೆ. ಎಷ್ಟು ಬಿಟ್ಟಿತು ಅಂತ ತಿಳಿಯಲು ಕೆರೆಯ ಮೀನು ಎಣಿಸುವ ಉಪಾಯ ಬಳಸುತ್ತಾರೆ. ನೂರು ಮೀನು ಹಿಡಿದು ಗುರುತು ಹಾಕಿ ಬಿಡಿ. ಮತ್ತೆ ನೂರು ಹಿಡಿದಾಗ ಗುರುತಿನವು ಹತ್ತು ಸಿಕ್ಕರೆ ಕೆರೆಯಲ್ಲಿ ಸುಮಾರು ಸಾವಿರ ಮೀನು. ಹಾಗೆಯೇ ಗಣತಿ ಮುಗಿದ ಮೇಲೆ ಆಯ್ದ ಕೆಲವು ಜಾಗಗಳಲ್ಲಿ ಬೇರೆ ತಂಡ ಹೋಗಿ ಮತ್ತೆ ಎಣಿಸುತ್ತದೆ. ಎರಡು ಪಟ್ಟಿಗಳನ್ನು ಹೆಸರು ಹೆಸರಾಗಿ ಹೋಲಿಸುತ್ತಾರೆ. ಭಾರತದ 2011ರ ಗಣತಿಯಲ್ಲಿ ಹೀಗೆ ನೋಡಿದಾಗ ಸಾವಿರಕ್ಕೆ 23 ಜನ ಬಿಟ್ಟುಹೋಗಿದ್ದರು. ಬಿಟ್ಟುಹೋಗುವವರಲ್ಲಿ ಪುಟ್ಟ ಮಕ್ಕಳು ಜಾಸ್ತಿ. ಇದು ಅಮೆರಿಕದಲ್ಲೂ ಹೌದು.

ಗಣತಿಯೇ ತುಂಬಾ ಹಳೆಯದಾದರೆ? ಲೆಬನಾನ್‌ನಲ್ಲಿ ಕೊನೆಯ ಗಣತಿ ನಡೆದದ್ದು 1932ರಲ್ಲಿ. ಭಾರತದಲ್ಲಿ 2011ರ ನಂತರದ ಗಣತಿಯ ದಿನಾಂಕ 2027ಕ್ಕೆ ನಿಗದಿಯಾಗಿದೆ. ನಡುವಿನ ಬಳಕೆಗೆ ತಜ್ಞರ ತಂಡ 2036ರವರೆಗೆ ರಾಜ್ಯವಾರು ಮುನ್ನಂದಾಜು ಕೊಟ್ಟಿದೆ. ಮುನ್ನಂದಾಜು ಬೇರೆ ಜಾತಿಯದ್ದು, ಅಂದಾಜಿನ ಜೊತೆ ಬೆರೆಸಬೇಡಿ. ಅಂದಾಜು ಆಗಿಹೋದ ಜನನ ಮರಣ ವಲಸೆಯನ್ನು ದಾಖಲೆಯಿಂದ ಬರೆಯುತ್ತದೆ. ಮುನ್ನಂದಾಜು "ಹೀಗೇ ಮುಂದುವರಿದರೆ" ಅಂತ ಮುಂದಿನ ಪುಟಗಳನ್ನು ಈಗಲೇ ತುಂಬುತ್ತದೆ.

ದಾಖಲೆ ಇಲ್ಲದ ಕಡೆ ಈಗ ಉಪಗ್ರಹದ ಚಿತ್ರಗಳನ್ನೂ ಬಳಸುತ್ತಾರೆ. ಚಾವಣಿಗಳನ್ನು ಗುರುತಿಸಿ, ಕೆಲವು ಜಾಗಗಳಲ್ಲಿ ನಿಜವಾಗಿ ಎಣಿಸಿ, ಉಳಿದ ಕಡೆಗೆ ಅದನ್ನು ಹರಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಚಾವಣಿಯ ಕೆಳಗೆ ಎಷ್ಟು ಜನ ಅನ್ನುವುದು ಮೇಲಿನಿಂದ ಕಾಣುವುದಿಲ್ಲ. ಎಣಿಸದೆ ಬಾಯಿಂದ ಬಾಯಿಗೆ ಬಂದ ಸಂಖ್ಯೆಯಂತೂ ಇನ್ನೂ ಅಪಾಯ. ನೈರೋಬಿಯ ಕಿಬೇರಾ ಕೊಳೆಗೇರಿಯಲ್ಲಿ ಹತ್ತು ಲಕ್ಷ ಜನ ಅಂತ ವರ್ಷಗಟ್ಟಲೆ ಎಲ್ಲರೂ ಬರೆದರು. ಕೀನ್ಯಾದ 2009ರ ಗಣತಿಯಲ್ಲಿ ಸಿಕ್ಕವರು 1,70,070. ಗಣತಿ ಕೆಲವರನ್ನು ಬಿಟ್ಟಿರಬಹುದು, ಆದರೆ ಎಂಟು ಲಕ್ಷ ಜನರನ್ನು ಬಿಡುವುದಕ್ಕಾಗುವುದಿಲ್ಲ.

ಈಗ ನಿಮ್ಮ ಶಾಲೆ. 23,417 ಅನ್ನುವ ಸಂಖ್ಯೆಯನ್ನು ಅರ್ಜಿಯ ಹಿನ್ನೆಲೆಗೆ ಧಾರಾಳವಾಗಿ ಬಳಸಿ, "ಸುಮಾರು" ಸೇರಿಸಿ, ಯಾವ ವರ್ಷದ ಯಾವ ತಿಂಗಳಿನದ್ದು ಅಂತಲೂ ಬರೆಯಿರಿ. ಆದರೆ ಅದರ ಮೇಲೆ ವಾದ ನಿಲ್ಲಿಸಬೇಡಿ. ವಾರ್ಡಿನ ಸಂಖ್ಯೆಯನ್ನಂತೂ ಒಂದು ವರ್ಷದ್ದು ಮಾತ್ರ ತೆಗೆದುಕೊಳ್ಳಬೇಡಿ. ಅಕ್ಕಪಕ್ಕದ ಎರಡು ಮೂರು ವಾರ್ಡು ಸೇರಿಸಿ ನಾಲ್ಕೈದು ವರ್ಷದ ಚಲನೆ ತೋರಿಸಿ. ನಿಮಗೆ ಬೇಕಾದ ಮಕ್ಕಳು ಈಗಾಗಲೇ ಹುಟ್ಟಿದ್ದಾರೆ. ಕಳೆದ ಐದು ವರ್ಷದ ಜನನ ನೋಂದಣಿಯನ್ನು ತಾಯಿಯ ವಿಳಾಸದ ಪ್ರಕಾರ ಕೇಳಿ ತೆಗೆದುಕೊಳ್ಳಿ. ಲಸಿಕೆ ಹಾಕಿಸಿಕೊಂಡ ಮಕ್ಕಳ ಸಂಖ್ಯೆ ಅದರ ಪಕ್ಕ ಇಡಿ. ಹುಟ್ಟಿದವರಿಗಿಂತ ಲಸಿಕೆಯವರು ಜಾಸ್ತಿ ಇದ್ದರೆ ಹೊರಗಿನಿಂದ ಪುಟ್ಟ ಮಕ್ಕಳ ಕುಟುಂಬಗಳು ಬರುತ್ತಿರುವ ಸಾಧ್ಯತೆ ಇದೆ. ಈಗಿನ ಶಾಲೆಯ ಒಂದನೇ ತರಗತಿಯ ದಾಖಲಾತಿ ಐದು ವರ್ಷದ್ದು ಬರೆದುಕೊಳ್ಳಿ.

ಹೊಸ ಕಟ್ಟಡಗಳಲ್ಲಿ ಎಷ್ಟು ಮನೆ, ಎಷ್ಟರಲ್ಲಿ ವಾಸ ಇದೆ ಅಂತ ನೀವೇ ಒಂದು ಭಾನುವಾರ ಬಾಗಿಲು ಬಾಗಿಲಿಗೆ ಹೋಗಿ ಬರೆದುಕೊಂಡು ಬನ್ನಿ. ಹೆಸರು ಬೇಡ, ಮನೆಗೆ ಎಷ್ಟು ಜನ, ಆರು ವರ್ಷದೊಳಗಿನ ಮಕ್ಕಳು ಎಷ್ಟು ಅಷ್ಟೇ ಸಾಕು. ಬೀಗ ಹಾಕಿದ ಮನೆಗಳನ್ನೂ ಎಣಿಸಿ. ಆ ಬೀಗಗಳ ಸಂಖ್ಯೆ ಅಂದಾಜು ಮಾಡಿದವರ ಬಳಿ ಖಂಡಿತ ಇರುವುದಿಲ್ಲ.